ಹೆಸರು ತಯಾರಿಕೆಯದು, ಅನ್ನ ದುರಸ್ತಿಯದು: ಎಚ್‌ಎಎಲ್‌ನ ವಹಿವಾಟನ್ನು ಬಿಡಿಸಿ ನೋಡಿದಾಗ

ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್‌ನ ವಾರ್ಷಿಕ ವರದಿಯನ್ನು ಕೈಗೆತ್ತಿಕೊಂಡವರು ಮೊದಲು ಹುಡುಕುವ ಪುಟವೇ ಅದರಲ್ಲಿಲ್ಲ. ಯಾವ ವಿಭಾಗದಿಂದ ಎಷ್ಟು ಆದಾಯ ಬಂತು, ಅದರಲ್ಲಿ ಲಾಭವೆಷ್ಟು ಉಳಿಯಿತು, ಯಾವುದಕ್ಕೆ ಎಷ್ಟು ಬಂಡವಾಳ ಹೂಡಲಾಗಿದೆ ಎಂಬ ವಿಭಾಗವಾರು ಲೆಕ್ಕವನ್ನು ಷೇರುಪೇಟೆಯಲ್ಲಿರುವ ದೊಡ್ಡ ಕಂಪನಿಗಳು ಇಂಡ್ ಎಎಸ್ 108 ಎಂಬ ಲೆಕ್ಕಪತ್ರ ಮಾನದಂಡದ ಪ್ರಕಾರ ಕೊಡಲೇಬೇಕು; ಆದರೆ ರಕ್ಷಣಾ ಉತ್ಪಾದನೆಯಲ್ಲಿ ತೊಡಗಿರುವ ಕಂಪನಿಗಳಿಗೆ ಕಂಪನಿ ವ್ಯವಹಾರಗಳ ಸಚಿವಾಲಯವು 2018ರ ಫೆಬ್ರುವರಿಯಲ್ಲಿ ಅದರಿಂದ ವಿನಾಯಿತಿ ನೀಡಿದೆ. ಅಮೆರಿಕದ ಲಾಕ್‌ಹೀಡ್ ಮಾರ್ಟಿನ್ ತನ್ನ ವ್ಯವಹಾರವನ್ನು ವಿಮಾನ, ಕ್ಷಿಪಣಿ, ಹೆಲಿಕಾಪ್ಟರ್ ಮತ್ತು ಯುದ್ಧೋಪಕರಣ ವ್ಯವಸ್ಥೆಗಳು, ಬಾಹ್ಯಾಕಾಶ ಎಂದು ನಾಲ್ಕು ಪಾಲು ಮಾಡಿ, ಒಂದೊಂದರ ಆದಾಯವನ್ನೂ ಲಾಭವನ್ನೂ ಮೂರು ತಿಂಗಳಿಗೊಮ್ಮೆ ಹೇಳುತ್ತದೆ. ಎಫ್-35 ಎಂಬ ಒಂದೇ ವಿಮಾನದಿಂದ ತನ್ನ ಆದಾಯದ ಸುಮಾರು ಕಾಲು ಭಾಗ ಬರುತ್ತಿದೆ ಎಂಬುದನ್ನೂ ಮುಚ್ಚಿಡುವುದಿಲ್ಲ. ನಮ್ಮ ಬೆಂಗಳೂರಿನ ಕಂಪನಿಯ ವಿಷಯದಲ್ಲಿ ಆ ಕೆಲಸವನ್ನು ಓದುಗರೇ ಮಾಡಿಕೊಳ್ಳಬೇಕು. ಹಲವು ವರ್ಷಗಳ ವರದಿಗಳನ್ನು ಮುಂದಿಟ್ಟುಕೊಂಡು ನಾನು ಮಾಡಿಕೊಂಡ ಲೆಕ್ಕದ ವಿಮರ್ಶೆ ಇದು.

ಮೊದಲೇ ಒಂದು ಮಾತು ಹೇಳಿಬಿಡಬೇಕು. 2018ರ ಮಾರ್ಚ್‌ನಲ್ಲಿ ಈ ಕಂಪನಿಯ ಷೇರುಗಳನ್ನು 1,215ರಿಂದ 1,240 ರೂಪಾಯಿಯ ಬೆಲೆಪಟ್ಟಿಯಲ್ಲಿ ಸಾರ್ವಜನಿಕರಿಗೆ ಬಿಟ್ಟಾಗ ನಾನೂ ಒಂದಿಷ್ಟು ಕೊಂಡೆ, ಇಂದಿಗೂ ಅವನ್ನು ಇಟ್ಟುಕೊಂಡಿದ್ದೇನೆ. ಆಗ ಜನ ಹೆಚ್ಚು ಉತ್ಸಾಹ ತೋರಲಿಲ್ಲ. ಪೇಟೆಯಲ್ಲಿ ವಹಿವಾಟು ಶುರುವಾದ ದಿನ ಬೆಲೆ ಕೊಂಡದ್ದಕ್ಕಿಂತ ಕೆಳಗೇ ಇತ್ತು. ನಾನು ಕೊಂಡದ್ದಕ್ಕೆ ಲೆಕ್ಕಾಚಾರಕ್ಕಿಂತ ಮನೆಯ ನಂಟೇ ದೊಡ್ಡ ಕಾರಣ. ನಮ್ಮ ದೊಡ್ಡಪ್ಪ ಅಲ್ಲಿನ ಎಂಜಿನ್ ವಿಭಾಗದಲ್ಲಿ 31 ವರ್ಷ ದುಡಿದು ನಿವೃತ್ತರಾದವರು. ಆದ್ದರಿಂದ ಈ ಕಂಪನಿಯ ಮೇಲೆ ನನಗೆ ಪ್ರೀತಿಯಿದೆ. ಆ ಪ್ರೀತಿ ಲೆಕ್ಕವನ್ನು ಕೆಡಿಸದಂತೆ ನನ್ನ ಶಕ್ತಿ ಮೀರಿ ಎಚ್ಚರ ವಹಿಸಿದ್ದೇನೆ.

ಕಂಪನಿಯು ತನ್ನನ್ನು ಬೆಂಗಳೂರು ಸಂಕೀರ್ಣ, ನಾಸಿಕ್ ಮತ್ತು ಕೋರಾಪುಟ್‌ನ ಮಿಗ್ ಸಂಕೀರ್ಣ, ಹೆಲಿಕಾಪ್ಟರ್ ಸಂಕೀರ್ಣ, ಲಖನೌ, ಹೈದರಾಬಾದ್ ಮೊದಲಾದೆಡೆ ಹರಡಿರುವ ಉಪಕರಣ ಸಂಕೀರ್ಣ, ವಿನ್ಯಾಸ ಸಂಕೀರ್ಣ ಎಂದು ಹಂಚಿಕೊಂಡಿದೆ. ಇದು ಆಡಳಿತದ ನಕ್ಷೆ. ಕಾರ್ಖಾನೆ ಎಲ್ಲಿದೆ ಎಂಬುದು ಇದರಿಂದ ತಿಳಿಯುತ್ತದೆ, ಹಣ ಎಲ್ಲಿಂದ ಬರುತ್ತದೆ ಎಂಬುದು ತಿಳಿಯುವುದಿಲ್ಲ. ಹಣದ ದಾರಿ ಹಿಡಿಯಬೇಕಾದರೆ ಆದಾಯದ ಟಿಪ್ಪಣಿಗೆ ಹೋಗಬೇಕು. ಅಲ್ಲಿ ಸರಕು ಮಾರಾಟ ಬೇರೆ, ಸೇವೆಗಳ ಮಾರಾಟ ಬೇರೆ ಎಂದು ಬಿಡಿಸಿ, ಸೇವೆಯಡಿ ದುರಸ್ತಿ ಮತ್ತು ಓವರ್‌ಹಾಲ್ ಎಂಬ ಸಾಲನ್ನು ಕೊಟ್ಟಿರುತ್ತಾರೆ. ಈಚಿನ ವರ್ಷಗಳ ವರದಿಗಳಲ್ಲಿ ಆ ಒಂದು ಸಾಲಿನ ಮೊತ್ತ ಇಡೀ ಕಂಪನಿಯ ಆದಾಯದ ಅರ್ಧವನ್ನೂ ಮೀರಿದೆ. ತೇಜಸ್ ಯುದ್ಧವಿಮಾನ ಗಗನಕ್ಕೇರುವ ಚಿತ್ರ ಮುಖಪುಟದಲ್ಲಿದ್ದರೂ, ಕಂಪನಿಗೆ ಅನ್ನ ಹಾಕುತ್ತಿರುವುದು ಹಳೆಯ ವಿಮಾನಗಳನ್ನು ಬಿಚ್ಚಿ, ತೊಳೆದು, ಸರಿಪಡಿಸಿ, ಮತ್ತೆ ಹಾರಲು ಕಳಿಸುವ ಕೆಲಸ.

ಇದನ್ನು ಕೇಳಿ ಕೆಲವರಿಗೆ ನಿರಾಸೆಯಾಗಬಹುದು. ನನಗೆ ಹಾಗೆನ್ನಿಸುವುದಿಲ್ಲ, ಏಕೆಂದರೆ ಈ ಕಂಪನಿಯ ಹುಟ್ಟಿನಲ್ಲೇ ಈ ಕಸುಬು ಬೆರೆತಿದೆ. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಕಟ್ಟಿದ್ದು ವಿಮಾನ ತಯಾರಿಸುವುದಕ್ಕೇ. ಆದರೆ ಯುದ್ಧದ ಒತ್ತಡದಲ್ಲಿ 1942ರಲ್ಲಿ ಭಾರತ ಸರ್ಕಾರ ಅದನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡಿತು, ಮರುವರ್ಷ ಅಮೆರಿಕದ ಸೇನಾ ವಾಯುಪಡೆ ಅದನ್ನು ತನ್ನ ವಿಮಾನಗಳ ದುರಸ್ತಿ ಕೇಂದ್ರವಾಗಿ ಮಾಡಿಕೊಂಡಿತು. ಬರ್ಮಾ ಮತ್ತು ಚೀನಾದ ಕಡೆ ಹಾರುತ್ತಿದ್ದ ವಿಮಾನಗಳು ಇಲ್ಲಿಗೆ ಬಂದು ಸರಿಯಾಗಿ ಹೋದವು. ಭಾರತದಲ್ಲೇ ವಿನ್ಯಾಸಗೊಂಡ ಎಚ್‌ಟಿ-2 ತರಬೇತಿ ವಿಮಾನ ಇಲ್ಲಿಂದ ಹಾರಿದ್ದು 1951ರಲ್ಲಿ. ಅಂದರೆ ಸ್ವಂತ ವಿನ್ಯಾಸದ ವಿಮಾನ ಹಾರುವ ಹೊತ್ತಿಗಾಗಲೇ ಬೆಂಗಳೂರಿನ ಕುಶಲಕರ್ಮಿಗಳ ಕೈ ದುರಸ್ತಿಯಲ್ಲಿ ಪಳಗಿತ್ತು. ಈಗಿನ ಎಚ್‌ಎಎಲ್ ಎಂಬ ಹೆಸರು ಬಂದದ್ದು 1964ರ ಅಕ್ಟೋಬರ್‌ನಲ್ಲಿ, ಎರಡು ಸರ್ಕಾರಿ ಕಂಪನಿಗಳು ಒಂದಾದಾಗ.

ಓವರ್‌ಹಾಲ್ ಎಂದರೇನು ಎಂಬುದನ್ನು ದೊಡ್ಡಪ್ಪ ಒಮ್ಮೆ ಊಟದ ತಟ್ಟೆ ಪಕ್ಕಕ್ಕೆ ಸರಿಸಿ ವಿವರಿಸಿದ್ದರು. ಜೆಟ್ ಎಂಜಿನ್ನಿಗೆ ಇಷ್ಟು ಗಂಟೆಗಳ ಹಾರಾಟ ಎಂದು ಆಯುಸ್ಸು ಬರೆದಿರುತ್ತದೆ. ಆ ಗಂಟೆಗಳು ತುಂಬಿದ ಮೇಲೆ ಅದು ಚೆನ್ನಾಗಿಯೇ ಓಡುತ್ತಿದ್ದರೂ ವಿಮಾನದಿಂದ ಇಳಿಸಿ ಕಾರ್ಖಾನೆಗೆ ಕಳಿಸಲೇಬೇಕು. ಅಲ್ಲಿ ಅದನ್ನು ಒಂದೊಂದೇ ಭಾಗವಾಗಿ ಬಿಚ್ಚಿ, ಮಸಿಯನ್ನೂ ಎಣ್ಣೆಯನ್ನೂ ತೊಳೆದು ಪರೀಕ್ಷೆಗಿಡುತ್ತಾರೆ. ಟರ್ಬೈನಿನ ಬ್ಲೇಡನ್ನು ಹೊಳೆಯುವ ಬಣ್ಣದ ದ್ರವದಲ್ಲಿ ಅದ್ದಿ, ಮೇಲಿನ ದ್ರವವನ್ನೆಲ್ಲ ತೊಳೆದು, ಕತ್ತಲೆ ಕೋಣೆಯಲ್ಲಿ ನೇರಳಾತೀತ ದೀಪದ ಕೆಳಗೆ ಹಿಡಿದರೆ, ಬಿರುಕಿನೊಳಗೆ ಇಳಿದ ದ್ರವ ಮಾತ್ರ ಕೂದಲೆಳೆಯಂಥ ಹಸಿರು ಗೆರೆಯಾಗಿ ಕಾಣುತ್ತದೆ. "ಆ ಗೆರೆ ಕಂಡಿತೋ, ಬ್ಲೇಡು ಪಕ್ಕಕ್ಕೆ. ನನ್ನ ಕಣ್ಣಿಗೆ ಅದು ತಪ್ಪಿದರೆ ಮೇಲೆ ಕೂತಿರುವ ಹುಡುಗನ ಗತಿಯೇನು ಹೇಳು" ಎಂದಿದ್ದರು. ಆಮೇಲೆ ಎಂಜಿನ್ನನ್ನು ಮತ್ತೆ ಜೋಡಿಸಿ, ತಿರುಗುವ ಭಾಗಗಳ ಸಮತೋಲ ನೋಡಿ, ಪರೀಕ್ಷಾ ಕಟ್ಟೆಯ ಮೇಲೆ ಪೂರ್ತಿ ವೇಗದಲ್ಲಿ ಓಡಿಸಿ, ದಾಖಲೆಗೆ ಸಹಿ ಹಾಕಿದ ನಂತರವೇ ಅದು ವಾಯುನೆಲೆಗೆ ಹೊರಡುತ್ತದೆ.

ವ್ಯಾಪಾರದ ಕಣ್ಣಿನಿಂದ ನೋಡಿದರೆ ಇದರ ಬಲ ಎಲ್ಲಿದೆಯೆಂಬುದು ಸ್ಪಷ್ಟವಾಗುತ್ತದೆ. ಯುದ್ಧವಿಮಾನವೊಂದನ್ನು ಮಾರುವುದು ಒಂದೇ ಸಲ, ಆದರೆ ಅದು ವಾಯುಪಡೆಯಲ್ಲಿರುವ ಮೂವತ್ತು ನಲವತ್ತು ವರ್ಷವೂ ದುರಸ್ತಿಗೆ ಬರುತ್ತಲೇ ಇರುತ್ತದೆ, ಅದರ ಎಂಜಿನ್ ಇನ್ನೂ ಹೆಚ್ಚು ಬಾರಿ ಬರುತ್ತದೆ. ರಷ್ಯಾದ ಪರವಾನಗಿಯಡಿ ನಾಸಿಕ್‌ನಲ್ಲಿ ತಯಾರಾದ ಸುಖೋಯ್-30 ವಿಮಾನಗಳು 222. ಅವುಗಳ ಜೊತೆಗೆ ರಷ್ಯಾದಿಂದಲೇ ಬಂದವುಗಳನ್ನೂ ಸೇರಿಸಿ ಎಲ್ಲವನ್ನೂ ಎಚ್‌ಎಎಲ್ ನೋಡಿಕೊಳ್ಳಬೇಕು. ಒಡಿಶಾದ ಕೋರಾಪುಟ್ ಘಟಕಕ್ಕೆ 2024ರ ಸೆಪ್ಟೆಂಬರ್‌ನಲ್ಲಿ 240 ಎಎಲ್-31ಎಫ್‌ಪಿ ಎಂಜಿನ್‌ಗಳಿಗಾಗಿ ಸಿಕ್ಕ 26,000 ಕೋಟಿ ರೂಪಾಯಿ ಮೀರಿದ ಗುತ್ತಿಗೆ ಇದೇ ವಿಮಾನಪಡೆಯ ಆಯುಸ್ಸನ್ನು ಬೆಳೆಸುವುದಕ್ಕಾಗಿ. ನಾಸಿಕ್‌ನಲ್ಲಿ 600ಕ್ಕೂ ಹೆಚ್ಚು ತಯಾರಾಗಿದ್ದ ಮಿಗ್-21 ವಿಮಾನಗಳು 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಸೇವೆಯಿಂದ ನಿವೃತ್ತವಾದಾಗ, ಅವುಗಳ ಜೊತೆ ದಶಕಗಳ ದುರಸ್ತಿ ಕೆಲಸವೂ ಮುಗಿಯಿತು. ಅದು ದೊಡ್ಡ ಪೆಟ್ಟಾಗಿ ಕಾಣದಿರುವುದಕ್ಕೆ ಸುಖೋಯ್ ಅದಾಗಲೇ ಆ ಜಾಗವನ್ನು ತುಂಬಿರುವುದೇ ಕಾರಣ.

ಇದರ ದೌರ್ಬಲ್ಯವೂ ಅಲ್ಲಿಯೇ ಇದೆ. ಕೆಲಸ ಕೊಡುವವರು ಬಹುಪಾಲು ಒಬ್ಬರೇ, ಬೆಲೆ ನಿಗದಿಯಾಗುವುದು ಪೈಪೋಟಿಯಿಂದಲ್ಲ, ರಕ್ಷಣಾ ಸಚಿವಾಲಯದೊಂದಿಗಿನ ಮಾತುಕತೆಯಿಂದ. ಹಣ ಬರುವುದು ತಡವಾದರೆ ಏನಾಗುತ್ತದೆ ಎಂಬುದನ್ನು 2019ರ ಜನವರಿಯಲ್ಲಿ ಕಂಡೆವು. ವಾಯುಪಡೆಯಿಂದ ಬರಬೇಕಾದ ಬಾಕಿ ಬೆಳೆದು, ಸಿಬ್ಬಂದಿಯ ಸಂಬಳಕ್ಕೆಂದು ಎಚ್‌ಎಎಲ್ ಸುಮಾರು 1,000 ಕೋಟಿ ರೂಪಾಯಿ ಸಾಲ ಮಾಡಬೇಕಾಯಿತು; ಲಾಭದಲ್ಲಿರುವ ಕಂಪನಿ ಸಂಬಳಕ್ಕೆ ಸಾಲ ಮಾಡುವುದೆಂದರೇನು ಎಂದು ನಮ್ಮ ಮನೆಯಲ್ಲಿ ಎಲ್ಲರೂ ಆತಂಕಪಟ್ಟಿದ್ದೆವು. ಇಂದು ಚಿತ್ರ ತಿರುವುಮುರುವಾಗಿದೆ. ಹೊಸ ಗುತ್ತಿಗೆಗಳ ಮುಂಗಡ ಹಣ ಬ್ಯಾಂಕಿನಲ್ಲಿ ಕೂತು, ವರ್ಷಕ್ಕೆ 2,000 ಕೋಟಿ ರೂಪಾಯಿ ಮೀರಿದ ಇತರ ಆದಾಯವನ್ನು ತರುತ್ತಿದೆ. 2024-25ರ ನಿವ್ವಳ ಲಾಭವಾದ 8,364 ಕೋಟಿ ರೂಪಾಯಿಯನ್ನು ಹೊಗಳುವವರು ಇದನ್ನು ಮರೆಯಬಾರದು: ಅದರಲ್ಲಿ ಗಣನೀಯ ಪಾಲು ವಿಮಾನ ಕಟ್ಟಿ ಬಂದದ್ದಲ್ಲ, ಕಟ್ಟಬೇಕಾದ ವಿಮಾನಗಳಿಗೆ ಮೊದಲೇ ಬಂದ ಹಣದ ಬಡ್ಡಿ. ವಿಭಾಗವಾರು ಲೆಕ್ಕವಿದ್ದಿದ್ದರೆ ಇದು ಮೊದಲ ಪುಟದಲ್ಲೇ ಕಾಣುತ್ತಿತ್ತು.

ಇನ್ನು ತಯಾರಿಕೆ. ಇಲ್ಲಿ ಆರ್ಡರುಗಳ ರಾಶಿಯಿದೆ. 2024ರ ಮಾರ್ಚ್ ಕೊನೆಗೆ ಸುಮಾರು 94,000 ಕೋಟಿ ರೂಪಾಯಿಯಷ್ಟಿದ್ದ ಬಾಕಿ ಆರ್ಡರು, ಒಂದೇ ವರ್ಷದಲ್ಲಿ ಇಮ್ಮಡಿಯಾಗಿ 1.89 ಲಕ್ಷ ಕೋಟಿ ರೂಪಾಯಿ ತಲುಪಿತು. ಅದೇ ಅವಧಿಯಲ್ಲಿ ವಾರ್ಷಿಕ ಆದಾಯ 30,381 ಕೋಟಿಯಿಂದ 30,981 ಕೋಟಿಗೆ ಏರಿತು, ಅಂದರೆ ಶೇಕಡಾ 2ರಷ್ಟು. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ ಕಂಪನಿಯ ನಿಜಸ್ಥಿತಿ ಅರ್ಥವಾಗುತ್ತದೆ: ಆರು ವರ್ಷದ ಕೆಲಸ ಕೈಯಲ್ಲಿದೆ, ಕೈ ಮಾತ್ರ ಅದೇ ವೇಗದಲ್ಲಿ ಓಡುತ್ತಿಲ್ಲ. ಇದರ ಮೇಲೆ 2025ರ ಸೆಪ್ಟೆಂಬರ್‌ನಲ್ಲಿ 97 ತೇಜಸ್ ಮಾರ್ಕ್-1ಎ ವಿಮಾನಗಳಿಗೆ 62,370 ಕೋಟಿ ರೂಪಾಯಿಯ ಗುತ್ತಿಗೆ ಸೇರಿಕೊಂಡಿದೆ. 2021ರ ಫೆಬ್ರುವರಿಯಲ್ಲಿ ಸಹಿಯಾದ 83 ವಿಮಾನಗಳ ಮೊದಲ ಗುತ್ತಿಗೆಯ ಪ್ರಕಾರ 2024ರ ಮಾರ್ಚ್ ವೇಳೆಗೆ ಶುರುವಾಗಬೇಕಿದ್ದ ಮಾರ್ಕ್-1ಎ ಹಸ್ತಾಂತರ ತಡವಾಗುತ್ತಲೇ ಹೋಯಿತು. 2025ರ ಫೆಬ್ರುವರಿಯಲ್ಲಿ ಯಲಹಂಕದ ಏರೋ ಇಂಡಿಯಾ ಪ್ರದರ್ಶನದಲ್ಲಿ ವಾಯುಪಡೆಯ ಮುಖ್ಯಸ್ಥರೇ ಕಂಪನಿಯ ಮೇಲಿನ ತಮ್ಮ ಅಸಮಾಧಾನವನ್ನು ಮುಚ್ಚಿಡದೆ ಹೇಳಿದರು. ಕಾರ್ಖಾನೆಯ ಅತಿ ದೊಡ್ಡ ಗ್ರಾಹಕನು ಆ ಕಾರ್ಖಾನೆಯ ಊರಿನಲ್ಲೇ ನಿಂತು ಆಡಿದ ಆ ಮಾತು ಯಾವುದೇ ದಲ್ಲಾಳಿ ಸಂಸ್ಥೆಯ ವರದಿಗಿಂತ ಹೆಚ್ಚು ತೂಕದ್ದು.

ತಡಕ್ಕೆ ಎಲ್ಲ ಹೊಣೆಯನ್ನೂ ಎಚ್‌ಎಎಲ್ ತಲೆಗೆ ಕಟ್ಟುವುದು ನ್ಯಾಯವಲ್ಲ. ತೇಜಸ್‌ನ ಎದೆಯಲ್ಲಿರುವ ಎಫ್404 ಎಂಜಿನ್ ಅಮೆರಿಕದ ಜಿಇ ಕಂಪನಿಯದು. 2021ರಲ್ಲಿ ಕೇಳಿದ 99 ಎಂಜಿನ್‌ಗಳಲ್ಲಿ ಮೊದಲನೆಯದು ಕೈಸೇರಿದ್ದು 2025ರ ಮಾರ್ಚ್‌ನಲ್ಲಿ. ಆ ತಿಂಗಳಲ್ಲೇ ದೊಡ್ಡಪ್ಪನವರನ್ನು ಕರೆದುಕೊಂಡು ಹಳೆ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆ. ಅಲ್ಲಿ ಮಾರುತ್ ನಿಂತಿದೆ, 1961ರ ಜೂನ್ 17ರಂದು ಬೆಂಗಳೂರಿನಿಂದ ಮೊದಲ ಬಾರಿ ಹಾರಿದ, ಜರ್ಮನಿಯ ಕರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ರೂಪುಗೊಂಡ ಯುದ್ಧವಿಮಾನ. ಬಿಸಿಲಿಗೆ ಕಾದಿದ್ದ ಅದರ ಮೈಯನ್ನು ದೂರದಿಂದಲೇ ನೋಡುತ್ತ ಅವರು, "ಮೈ ಎಷ್ಟು ಚೆಂದ ನೋಡು, ಉಸಿರೇ ಸಾಲಲಿಲ್ಲ ಇದಕ್ಕೆ" ಎಂದರು. ಮಾರುತ್‌ಗೆಂದು ಎಣಿಸಿದ್ದ ಬಲವಾದ ಬ್ರಿಟಿಷ್ ಎಂಜಿನ್ ಬರಲೇ ಇಲ್ಲ, ಕಡಿಮೆ ಶಕ್ತಿಯ ಆರ್ಫಿಯಸ್ ಎಂಜಿನ್ನಿನಲ್ಲೇ ಅದು ಹಾರಬೇಕಾಯಿತು, 147 ವಿಮಾನಗಳಿಗೇ ಅದರ ಕಥೆ ಮುಗಿಯಿತು. ಅರವತ್ತು ವರ್ಷಗಳಾಚೆಗೂ ನಾವು ಬೇರೆಯವರ ಎಂಜಿನ್ನಿಗಾಗಿ ಬಾಗಿಲು ಕಾಯುತ್ತಿದ್ದೇವೆ ಎಂಬುದು ನನಗೆ ಈ ಇಡೀ ವಿಶ್ಲೇಷಣೆಯಲ್ಲಿ ಅತಿ ಹೆಚ್ಚು ನೋವು ಕೊಟ್ಟ ಸಂಗತಿ. 2025ರ ನವೆಂಬರ್‌ನಲ್ಲಿ ಇನ್ನೂ 113 ಎಂಜಿನ್‌ಗಳಿಗೆ ಜಿಇ ಜೊತೆ ಒಪ್ಪಂದವಾಗಿದೆ, ಹೆಚ್ಚು ಶಕ್ತಿಯ ಎಫ್414 ಎಂಜಿನ್ನನ್ನು ಇಲ್ಲಿಯೇ ತಯಾರಿಸುವ ಬಗ್ಗೆ 2023ರ ಜೂನ್‌ನಲ್ಲಿ ತಿಳಿವಳಿಕೆ ಪತ್ರಕ್ಕೆ ಸಹಿ ಬಿದ್ದಿದೆ. ಆ ಎರಡನೆಯದು ಕೈಗೂಡಿದರೆ ಎಂಜಿನ್ ವಿಭಾಗದ ಸ್ವರೂಪವೇ ಬದಲಾದೀತು.

2025ರ ನವೆಂಬರ್ 21ರಂದು ದುಬೈ ವಾಯುಪ್ರದರ್ಶನದಲ್ಲಿ ತೇಜಸ್ ಪತನವಾಗಿ ಪೈಲಟ್ ಪ್ರಾಣ ಕಳೆದುಕೊಂಡರು. ಒಂದು ಅಪಘಾತದಿಂದ ವಿಮಾನದ ಯೋಗ್ಯತೆಯನ್ನು ಅಳೆಯಬಾರದು, ಹಾಗೆಂದು ಅದನ್ನು ಲೆಕ್ಕದ ಹೊರಗಿಟ್ಟು ಮುಂದೆ ಹೋಗಲೂ ಬಾರದು.

ಹೆಲಿಕಾಪ್ಟರ್ ವಿಭಾಗವನ್ನು ಕುರಿತು ನನ್ನ ಅಭಿಪ್ರಾಯ ಹೆಚ್ಚು ಆಶಾದಾಯಕವಾಗಿದೆ. ಚೇತಕ್, ಚೀತಾಗಳನ್ನು ಫ್ರಾನ್ಸಿನ ಪರವಾನಗಿಯಲ್ಲಿ ಕಟ್ಟುತ್ತ ಕಲಿತ ವಿದ್ಯೆಯಿಂದ ಧ್ರುವ ಹುಟ್ಟಿತು, ಧ್ರುವದಿಂದ ಪ್ರಚಂಡ ಹುಟ್ಟಿತು. ಒಂದು ವಿನ್ಯಾಸದ ಬೇರಿನಿಂದ ಇನ್ನೊಂದು ಚಿಗುರಿದ ಇಂಥ ನಿರಂತರತೆ ಯುದ್ಧವಿಮಾನಗಳ ಕಡೆ ನಮಗೆ ದಕ್ಕಲಿಲ್ಲ. ಧ್ರುವ ಮತ್ತು ಪ್ರಚಂಡಗಳಲ್ಲಿರುವ ‘ಶಕ್ತಿ’ ಎಂಬ ಹೆಸರಿನ ಎಂಜಿನ್ ಫ್ರಾನ್ಸಿನ ಸಫ್ರಾನ್ ಜೊತೆಗೂಡಿ ಬೆಳೆಸಿದ್ದು. ಐದು ಸಾವಿರ ಮೀಟರಿಗೂ ಎತ್ತರದಲ್ಲಿ ಕೆಲಸ ಮಾಡಬಲ್ಲ ಪ್ರಚಂಡದ 156 ಹೆಲಿಕಾಪ್ಟರ್‌ಗಳಿಗೆ, ಅಂದರೆ ಭೂಸೇನೆಗೆ 90 ಮತ್ತು ವಾಯುಪಡೆಗೆ 66, 2025ರ ಮಾರ್ಚ್ 28ರಂದು ಸಹಿಯಾದ 62,700 ಕೋಟಿ ರೂಪಾಯಿಯ ಗುತ್ತಿಗೆಯೇ ಆ ವರ್ಷದ ಬಾಕಿ ಆರ್ಡರನ್ನು ಇಮ್ಮಡಿಯಾಗಿಸಿದ್ದರಲ್ಲಿ ಮುಖ್ಯವಾದದ್ದು. ಇವು ತಯಾರಾಗಬೇಕಿರುವುದು ಬೆಂಗಳೂರಿನಲ್ಲಿ ಮತ್ತು ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ. 615 ಎಕರೆಯ ಆ ಕಾರ್ಖಾನೆಗೆ 2016ರ ಜನವರಿಯಲ್ಲಿ ಅಡಿಗಲ್ಲು ಬಿದ್ದು 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ಮೊದಲಿಗೆ ವರ್ಷಕ್ಕೆ 30 ಹೆಲಿಕಾಪ್ಟರ್ ಎಂಬುದು ಗುರಿ. ಅಡಿಕೆ, ತೆಂಗು ಮತ್ತು ಹಲಸಿನ ಸೀಮೆಯ ಹುಡುಗರು ಅಲ್ಲಿಯ ಐಟಿಐ ಮುಗಿಸಿ ಮನೆಯಿಂದಲೇ ಹೆಲಿಕಾಪ್ಟರ್ ಕಟ್ಟಲು ಹೋಗುವಂತಾದರೆ, ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯ ಬಳಿಯ ವಿಮಾನಪುರದಲ್ಲಿ ದೊಡ್ಡಪ್ಪನ ತಲೆಮಾರಿಗೆ ಆದದ್ದು ಗುಬ್ಬಿಯಲ್ಲಿ ಮತ್ತೆ ಆಗುತ್ತದೆ.

ಆದರೂ ಇಲ್ಲಿ ಎರಡು ಕಹಿ ಸತ್ಯಗಳಿವೆ. ಈಕ್ವೆಡಾರ್ ಕೊಂಡ ಏಳು ಧ್ರುವಗಳಲ್ಲಿ ನಾಲ್ಕು ಅಪಘಾತಕ್ಕೀಡಾಗಿ, 2015ರಲ್ಲಿ ಆ ದೇಶ ಒಪ್ಪಂದವನ್ನೇ ರದ್ದು ಮಾಡಿತು. ರಫ್ತಿನ ಕನಸಿಗೆ ಬಿದ್ದ ಆ ಪೆಟ್ಟಿನಿಂದ ಕಂಪನಿ ಇನ್ನೂ ಪೂರ್ತಿ ಚೇತರಿಸಿಕೊಂಡಿಲ್ಲ ಎಂದೇ ನನ್ನ ತಿಳಿವಳಿಕೆ. 2025ರ ಜನವರಿ 5ರಂದು ಪೋರಬಂದರಿನಲ್ಲಿ ಕರಾವಳಿ ಕಾವಲು ಪಡೆಯ ಧ್ರುವ ಬಿದ್ದು ಮೂವರು ಅಸುನೀಗಿದರು. ಆಮೇಲೆ ಮೂರೂ ಸೇನೆಗಳ ಧ್ರುವಗಳು ತಿಂಗಳುಗಟ್ಟಲೆ ನೆಲದ ಮೇಲೆ ನಿಂತವು. ಗಡಿಯ ಎತ್ತರದ ಠಾಣೆಗಳಿಗೆ ಔಷಧ, ಪಡಿತರ ಸಾಗಿಸುವ ಹೆಲಿಕಾಪ್ಟರ್ ನಿಂತಿತೆಂದರೆ ಅದು ಕಂಪನಿಯ ಲೆಕ್ಕದ ವಿಷಯ ಮಾತ್ರವಲ್ಲ.

ಉಳಿದ ವಿಭಾಗಗಳನ್ನು ಬೇಗ ಮುಗಿಸಬಹುದು. 70 ಎಚ್‌ಟಿಟಿ-40 ತರಬೇತಿ ವಿಮಾನಗಳಿಗೆ 2023ರ ಮಾರ್ಚ್‌ನಲ್ಲಿ 6,800 ಕೋಟಿ ರೂಪಾಯಿ ಮೀರಿದ ಆರ್ಡರು ಬಂದಿದೆ, ಇದಕ್ಕೂ ಎಂಜಿನ್ ಅಮೆರಿಕದ ಹನಿವೆಲ್‌ನದೇ. ಕಾನ್ಪುರದಲ್ಲಿ ತಯಾರಾಗುವ ಡಾರ್ನಿಯರ್-228 ಸಣ್ಣ ವಿಮಾನ ಮಾರಿಷಸ್, ಸೀಷೆಲ್ಸ್, ಗಯಾನಾಗಳಿಗೆ ಹೋಗಿದೆ. ಇದು ಚಿಕ್ಕದಾದರೂ ಮರ್ಯಾದೆಯ ವ್ಯಾಪಾರ. ಇಸ್ರೋ ರಾಕೆಟ್‌ಗಳ ಚೌಕಟ್ಟು, ಟ್ಯಾಂಕುಗಳನ್ನು ದಶಕಗಳಿಂದ ಕಟ್ಟಿಕೊಡುತ್ತಿರುವ ಬೆಂಗಳೂರಿನ ಬಾಹ್ಯಾಕಾಶ ವಿಭಾಗ, 2022ರಲ್ಲಿ ಎಲ್ ಅಂಡ್ ಟಿ ಜೊತೆಗೂಡಿ ಐದು ಪಿಎಸ್‌ಎಲ್‌ವಿ ರಾಕೆಟ್‌ಗಳ ಗುತ್ತಿಗೆಯನ್ನೂ, 2025ರ ಜೂನ್‌ನಲ್ಲಿ 511 ಕೋಟಿ ರೂಪಾಯಿಯ ಬಿಡ್ಡಿನೊಂದಿಗೆ ಸಣ್ಣ ಉಪಗ್ರಹಗಳನ್ನು ಹಾರಿಸುವ ಎಸ್‌ಎಸ್‌ಎಲ್‌ವಿ ರಾಕೆಟ್‌ನ ತಂತ್ರಜ್ಞಾನವನ್ನೂ ಗೆದ್ದಿದೆ. ಮೊತ್ತದಲ್ಲಿ ಇದು ಸುಖೋಯ್ ಎಂಜಿನ್ನಿನ ಮುಂದೆ ಏನೇನೂ ಅಲ್ಲ. ಆದರೆ ಬೇರೆಯವರೊಂದಿಗೆ ಪೈಪೋಟಿ ಮಾಡಿ ಗೆದ್ದ ಕೆಲಸವಾದ್ದರಿಂದ ಇದಕ್ಕೆ ನಾನು ಹೆಚ್ಚು ಅಂಕ ಕೊಡುತ್ತೇನೆ.

ಪೈಪೋಟಿ ಎಂಬುದು ಇನ್ನು ಮುಂದೆ ತಪ್ಪಿದ್ದಲ್ಲ. ವಡೋದರದಲ್ಲಿ ಟಾಟಾ ಮತ್ತು ಏರ್‌ಬಸ್ ಸೇರಿ ಸಿ-295 ಸಾಗಣೆ ವಿಮಾನ ಕಟ್ಟುವ ಕಾರ್ಖಾನೆ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ಮುಂದಿನ ತಲೆಮಾರಿನ ಆಮ್ಕಾ ಯುದ್ಧವಿಮಾನದ ಯೋಜನೆಯಲ್ಲಿ ಖಾಸಗಿ ಕಂಪನಿಗಳಿಗೂ ಸಮಾನ ಅವಕಾಶವೆಂದು 2025ರ ಮೇ ತಿಂಗಳಲ್ಲಿ ಸರ್ಕಾರ ತೀರ್ಮಾನಿಸಿತು. ಸೇನಾ ವಿಮಾನವೆಂದರೆ ಎಚ್‌ಎಎಲ್ ಎಂಬ ಕಾಲ ಮುಗಿಯುತ್ತಿರುವಾಗ, ದುರಸ್ತಿಯ ಕೆಲಸವೇ ಈ ಕಂಪನಿಗೆ ಆಸರೆಯಾಗಿ ಉಳಿಯುತ್ತದೆ ಎಂಬುದು ನನ್ನ ಅಂದಾಜು. ಏಕೆಂದರೆ ಹೊಸ ವಿಮಾನ ಕಟ್ಟುವ ಶೆಡ್ಡನ್ನು ಯಾರಾದರೂ ಕೆಲವೇ ವರ್ಷಗಳಲ್ಲಿ ಎಬ್ಬಿಸಬಹುದು, ಕತ್ತಲೆ ಕೋಣೆಯಲ್ಲಿ ಹಸಿರು ಗೆರೆಯನ್ನು ಗುರುತಿಸುವ ಕಣ್ಣನ್ನು ಅಷ್ಟು ಬೇಗ ತಯಾರು ಮಾಡಲಾಗುವುದಿಲ್ಲ.

ಹೀಗಾಗಿ ದುರಸ್ತಿ ವಿಭಾಗಕ್ಕೆ ನನ್ನ ಪೂರ್ಣ ಮೆಚ್ಚುಗೆಯಿದೆ, ಹೆಲಿಕಾಪ್ಟರ್ ವಿಭಾಗದ ಮೇಲೆ ಭರವಸೆಯಿದೆ, ಯುದ್ಧವಿಮಾನ ತಯಾರಿಕೆಗೆ ಮಾತ್ರ ವಿಮಾನಗಳು ವಾಯುನೆಲೆ ಸೇರುವವರೆಗೂ ಅಂಕ ಕೊಡಲಾರೆ. ಷೇರು ಕೊಳ್ಳಬೇಕೆ ಎಂದು ಕೇಳುವ ಗೆಳೆಯರಿಗೆ ನಾನು ಹೇಳುವುದು ಇಷ್ಟೇ: ಆರ್ಡರು ಬಂದ ಸುದ್ದಿಗೆ ಕೊಳ್ಳಬೇಡಿ, ಆ ವರ್ಷ ಎಷ್ಟು ವಿಮಾನ ಹಸ್ತಾಂತರವಾಯಿತು ಎಂಬುದನ್ನು ಎಣಿಸಿ, ದುರಸ್ತಿಯ ಸಾಲು ಬೆಳೆದಿದೆಯೇ ನೋಡಿ, ಇತರ ಆದಾಯವನ್ನು ಕಳೆದು ಲಾಭವನ್ನು ಓದಿ.

ಮುಂದಿನ ವಾರ್ಷಿಕ ಮಹಾಸಭೆಗೆ ನಾನೊಂದು ಪ್ರಶ್ನೆಯನ್ನು ಬರೆದಿಟ್ಟಿದ್ದೇನೆ. ಯಾವ ವಾಯುನೆಲೆಯಲ್ಲಿ ಎಷ್ಟು ವಿಮಾನವಿದೆ, ಎಷ್ಟು ಹಾರುವ ಸ್ಥಿತಿಯಲ್ಲಿದೆ ಎಂಬುದು ಗುಟ್ಟಾಗಿರಬೇಕು, ಅದನ್ನು ಯಾವ ಷೇರುದಾರನೂ ಕೇಳಬಾರದು. ಆದರೆ ದುರಸ್ತಿಯ ಆದಾಯದಲ್ಲಿ ವಿಮಾನದ ಪಾಲೆಷ್ಟು, ಹೆಲಿಕಾಪ್ಟರಿನ ಪಾಲೆಷ್ಟು, ಎಂಜಿನ್ನಿನ ಪಾಲೆಷ್ಟು ಎಂಬ ಮೂರು ಅಂಕಿಗಳಿಂದ ಯಾವ ಶತ್ರುವಿಗೂ ಏನೂ ಸಿಗುವುದಿಲ್ಲ. ವಿನಾಯಿತಿ ಇದ್ದರೂ ಅವನ್ನು ಸ್ವಇಚ್ಛೆಯಿಂದ ಪ್ರಕಟಿಸಲು ಅಡ್ಡಿಯೇನು ಎಂದು ಕೇಳಿದ್ದೇನೆ. ಕರಡನ್ನು ದೊಡ್ಡಪ್ಪನಿಗೆ ಓದಿ ಹೇಳಿದೆ. ಅವರು ಎಂಜಿನ್ನನ್ನು ಕೊನೆಯಲ್ಲಿಟ್ಟದ್ದು ಸರಿಯಲ್ಲ, ಮೊದಲು ಬರೆಯೆಂದರು. ತಿದ್ದಿದ್ದೇನೆ.